ಗೋಡೆಗೆ ಮುಖ ಮಾಡಿದವಳು

ಔಷಧಿ ಬೇಯಿಸುವ ಕೊಟ್ಟಿಗೆಯ ಪಡುವಣ ಗೋಡೆಯಲ್ಲಿ ಒಂದು ಬಿರುಕಿದೆ. ಸೂರಿನ ಹತ್ತಿರ ಹುಟ್ಟಿ, ಕೆಳಗಿಳಿಯುತ್ತ ಎರಡು ಕವಲಾಗಿ, ಒಂದು ಕವಲು ಒನಕೆ ಒರಗಿಸಿಡುವ ಮೂಲೆಗೆ ಹೋಗುತ್ತದೆ, ಇನ್ನೊಂದು ನಡುವಲ್ಲೇ ನಿಂತುಬಿಡುತ್ತದೆ. ಉಣ್ಣೂಲಿಗೆ ತನ್ನ ಅಂಗೈ ಗೆರೆ ಗೊತ್ತಿಲ್ಲದಿದ್ದರೂ ಆ ಬಿರುಕು ಗೊತ್ತು. ವರ್ಷಕ್ಕೊಂದು ಸಲ, ತುಲಾ ತಿಂಗಳ ಹತ್ತನೆಯ ದಿನ, ಪತ್ತಾಮುದಯದ ಬೆಳಿಗ್ಗೆ, ಊರಿನವರೆಲ್ಲ ಏಳುವ ಸೂರ್ಯನಿಗೆ ದೀಪ ತೋರಿಸುತ್ತಿರುವಾಗ, ಅವಳು ಆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಲಂಗ ಉಡುತ್ತಿದ್ದ ಕಾಲದಿಂದ ಕೂದಲು ನೆರೆಯುವ ತನಕ. ಬೆನ್ನ ಹಿಂದೆ ಅವಳ ಅಪ್ಪ ಚೋಯಿ ವೈದ್ಯರು ನೆನಪಿನ ತುಪ್ಪಕ್ಕೆ ಕಡೆಯ ಸೊಪ್ಪು ಹಾಕುತ್ತಿದ್ದರು.

ಆ ತುಪ್ಪದ ಉಳಿದ ಸಂಗತಿಯೆಲ್ಲ ಉಣ್ಣೂಲಿಗೆ ಬರುತ್ತಿತ್ತು. ನೀರುಬ್ರಾಹ್ಮಿಯನ್ನು ಗದ್ದೆಯ ಅಂಚಿನಿಂದ ಬೇರು ಸಮೇತ ಕಿತ್ತು, ಕೆಸರು ಹೋಗುವಂತೆ ತೊಳೆದು, ಒರಳಲ್ಲಿ ಜಜ್ಜಿ ರಸ ಹಿಂಡುವವಳು ಅವಳೇ. ಬಜೆ, ಕೋಷ್ಠ, ಶಂಖಪುಷ್ಪಿ ಅರೆದು ಉಂಡೆ ಮಾಡುವವಳು ಅವಳೇ. ಹಸುವಿನ ತುಪ್ಪದ ಜೊತೆ ಅವನ್ನೆಲ್ಲ ದೊಡ್ಡ ಕಂಚಿನ ಉರುಳಿಗೆ ಸುರಿದು, ಹುಣಸೆ ಸೌದೆಯ ಸಣ್ಣ ಉರಿಯಲ್ಲಿ ದಿನಗಟ್ಟಲೆ ಕುದಿಸಿ, ತಳದ ಚರಟವನ್ನು ಬೆರಳಲ್ಲಿ ಹೊಸೆದು ಬತ್ತಿ ಮಾಡಿ ಬೆಂಕಿಗೆ ಹಿಡಿದರೆ ಚಟಪಟ ಅನ್ನದೆ ಉರಿಯಬೇಕು. ಆಗ ಪಾಕ ಬಂತೆಂದು ಅರ್ಥ. ಅಷ್ಟಾದ ಮೇಲೆ ಅಪ್ಪ ಒದ್ದೆ ಮುಂಡುಪಂಚೆಯಲ್ಲಿ ಬರುತ್ತಿದ್ದರು. ಸೊಂಟದ ಮಡಿಕೆಯಲ್ಲಿ ಏನೋ ಇರುತ್ತಿತ್ತು.

"ಆ ಕಡೆ ತಿರುಗು, ಮೋಳೇ."

ಮಗಳು ತಿರುಗುತ್ತಿದ್ದಳು.

ಅವರ ಮನೆತನದ ಕಟ್ಟು ಹಾಗಿತ್ತು. ಆ ಸೊಪ್ಪು ಯಾವುದೆಂದು ನಾಲಿಗೆಯಿಂದ ಕಿವಿಗೆ ದಾಟಬೇಕೇ ಹೊರತು ಕಣ್ಣಿಗೆ ಬೀಳಬಾರದು. ಹೇಳುವ ಮೊದಲೇ ಇನ್ನೊಬ್ಬರು ನೋಡಿದರೆ ಅದು ಔಷಧಿಯಲ್ಲ, ದನ ತಿನ್ನುವ ಹುಲ್ಲು. ಹೇಳಿದರೋ, ಹೇಳಿದವನ ಕೈಗುಣ ಆ ಕ್ಷಣಕ್ಕೇ ಸತ್ತಿತು. ಮತ್ತೆ ಅವನು ಉರುಳಿ ಮುಟ್ಟುವ ಹಾಗಿಲ್ಲ. ಆದ್ದರಿಂದ ಒಬ್ಬರಿಗೇ ಹೇಳುವುದು, ಅದೂ ಇನ್ನು ನನ್ನ ಕೈಲಾಗದು ಅನ್ನಿಸಿದ ಮೇಲೆ. ಚೋಯಿ ವೈದ್ಯರಿಗೆ ಅವರಪ್ಪ ಹೇಳಿದ್ದು ಹಾಸಿಗೆ ಹಿಡಿದ ಮೇಲೆ. ಚೋಯಿ ವೈದ್ಯರು ಯಾರಿಗೆ ಹೇಳಬೇಕೆಂಬುದೂ ಎಂದೋ ತೀರ್ಮಾನವಾಗಿತ್ತು. ಉಣ್ಣೂಲಿ ಒಬ್ಬಳೇ ಮಗಳು, ತಾಯಿಯಿಲ್ಲದೆ ಬೆಳೆದವಳು. ಹೆಣ್ಣಿಗೆ ವೈದ್ಯವಿದ್ಯೆ ಯಾಕೆ ಎಂದು ಬಂಧುಗಳು ಮೂಗು ಮುರಿದಾಗ ವೈದ್ಯರು, "ಜ್ವರ ಬಂದಾಗ ನಿಮ್ಗೆ ಗಂಡಸಿನ ಕಷಾಯಾನೇ ಬೇಕೇನ್ರಯ್ಯ? ಹಾಗಾದ್ರೆ ಬೇರೆ ಮನೆ ನೋಡ್ಕೊಳ್ಳಿ" ಎಂದು ಅಂಗಳದಲ್ಲೇ ನಿಂತು ಕೇಳಿದ್ದರು. ಆ ಮಾತನ್ನು ನೆನೆದಾಗಲೆಲ್ಲ ಉಣ್ಣೂಲಿಯ ಬೆನ್ನು ನೆಟ್ಟಗಾಗುತ್ತಿತ್ತು.

ಆ ಒಂದು ಸೊಪ್ಪಿನ ಸಲುವಾಗಿ ಅವಳು ಮದುವೆಯಾದ ಮೇಲೂ ಅಪ್ಪನ ಮನೆ ಬಿಡಲಿಲ್ಲ. ಗಂಡ ಕಣಾರನ್ ಮಗ್ಗದವನು. ನೇಕಾರರ ಸಂಘದಲ್ಲಿ ಲುಂಗಿ, ಮೈ ಒರೆಸುವ ತೋರ್ತು ನೇಯುತ್ತಿದ್ದ. ಹೆಂಡತಿ ಮನೆಯಲ್ಲಿ ಬಿದ್ದುಕೊಂಡಿದ್ದಾನೆ ಎಂದು ಹೊಳೆಯ ಆಚೆ ಈಚೆ ಎರಡೂ ದಡದವರು ಆಡಿಕೊಂಡರು. ಅವನು ಕ್ಯಾರೇ ಅನ್ನಲಿಲ್ಲ. ಆದರೆ ಪ್ರತಿ ಪತ್ತಾಮುದಯ ಮುಗಿದ ಮೇಲೆ ಹೆಂಡತಿಯನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಈ ಸಲಾನಾದ್ರೂ ನೋಡ್ದೆಯೇನೇ?"

"ಏನನ್ನ?"

"ಇನ್ನೇನನ್ನ, ನಿಮ್ಮಪ್ಪನ ಗಂಟನ್ನ. ಒಂಚೂರು ಕತ್ತು ಹೊರಳ್ಸಿದ್ರೆ ಮೂಳೆ ಮುರೀತಿತ್ತಾ?"

"ಬಾಯಿ ತೊಳ್ಕೊಳ್ಳಿ ಮೊದ್ಲು. ನೋಡಿದ್ರೆ ಔಷಧಿ ಸತ್ತುಹೋಗುತ್ತೆ."

"ಸೊಪ್ಪಿಗೆ ಹೇಗೆ ಗೊತ್ತಾಗುತ್ತೆ, ನೀನು ನೋಡ್ದೆ ಅಂತ?"

"ಸೊಪ್ಪಿಗೆ ಗೊತ್ತಾಗ್ದೆ ಇದ್ರೂ ನಂಗೆ ಗೊತ್ತಾಗುತ್ತಲ್ಲ!"

ಇಂಥ ಹೆಂಗಸಿಗೆ ಏನು ಹೇಳೋಣ! ಕೋಪವೂ ಬರುತ್ತದೆ, ಕರುಳೂ ಚುರುಕ್ಕನ್ನುತ್ತದೆ. ಪ್ರತಿ ವರ್ಷ ಉರುಳಿ ಇಳಿಸಿದ ಮೇಲೆ ಅವಳು ಅಪ್ಪನ ಮುಖ ನೋಡುವಳು. ಅಪ್ಪ ಗಡ್ಡ ಸವರಿಕೊಂಡು, "ಮುಂದಿನ ಪತ್ತಾಮುದಯಕ್ಕೆ ಹೇಳ್ತೀನಿ. ಅವಸರ ಏನು ನಿಂಗೆ?" ಅನ್ನುವರು. ಅಪ್ಪನನ್ನು ಅಚ್ಚ ಎಂದು ಕರೆಯುವ ಅವಳು, "ಅವಸರ ಇಲ್ಲ ಅಚ್ಚಾ" ಅನ್ನುವಳು. ಹೇಳಿದರೆ ಕೈಗುಣ ಹೋಗುತ್ತದಲ್ಲ, ಅಪ್ಪನಿಗೆ ಆ ಭಯ. ಮುದುಕನಿಗೆ ಉರುಳಿಯ ಮೇಲೆ ಇದ್ದಷ್ಟು ಆಸೆ ಜೀವದ ಮೇಲೂ ಇರಲಿಲ್ಲ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆಗೆ ಹಾಕಿಕೊಂಡಿದ್ದಳು.

ತುಪ್ಪ ನಿಜಕ್ಕೂ ಕೆಲಸ ಮಾಡುತ್ತಿತ್ತೇ? ಅದನ್ನು ಉಣ್ಣೂಲಿಯೂ ಆಣೆ ಮಾಡಿ ಹೇಳಲಾರಳು. ತಿಂದ ಮುದುಕರಲ್ಲಿ ಕೆಲವರು ಮರೆತಿದ್ದ ಮೊಮ್ಮಕ್ಕಳ ಹೆಸರು ಹಿಡಿದು ಕರೆದರು. ಕೆಲವರು ತುಪ್ಪ ತಿಂದದ್ದನ್ನೇ ಮರೆತರು. ಆದರೂ ಜನ ಬರುವುದು ನಿಲ್ಲಲಿಲ್ಲ. ಮನೆಯಲ್ಲಿ ಮುದುಕಿಯೊಬ್ಬಳು ಹೆತ್ತ ಮಗನನ್ನೇ ಯಾರಪ್ಪಾ ನೀನು ಎಂದು ಕೇಳಿದರೆ, ಆ ಮಗ ಮತ್ತೆಲ್ಲಿಗೆ ಹೋಗಬೇಕು? ಭರಣಿ ಹಿಡಿದುಕೊಂಡು ಚೋಯಿ ವೈದ್ಯರ ಅಂಗಳಕ್ಕೇ ಬರುತ್ತಿದ್ದ.

ಹೀಗಿರುವಾಗ ಹೊಳೆಗೆ ಸೇತುವೆ ಬಂತು, ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ನಿಂತಿತು. ಅದಾಗಿ ಎಷ್ಟೋ ಕಾಲವಾದ ಮೇಲೆ ಒಂದು ಮಧ್ಯಾಹ್ನ ವೈದ್ಯರು ಊಟಕ್ಕೆ ಬರಲಿಲ್ಲ. ಹುಡುಕಿದರೆ ಕಡವಿನ ಕಲ್ಲುಮೆಟ್ಟಿಲ ಮೇಲೆ ಕೊಡೆ ಬಿಡಿಸಿಕೊಂಡು ಕುಳಿತಿದ್ದಾರೆ.

"ಅಚ್ಚಾ, ಇಲ್ಲಿ ಯಾಕೆ ಕೂತ್ರಿ?"

"ದೋಣಿಗೆ ಕಾಯ್ತಿದೀನಿ. ಈ ದೋಣಿಯವನಿಗೆ ಸೊಕ್ಕು ಬಂದಿದೆ, ಕೂಗಿದ್ರೆ ಓ ಅನ್ನಲ್ಲ."

ತಲೆಯ ಮೇಲೆಯೇ ಸೇತುವೆ, ಅದರ ಮೇಲೆ ಬಸ್ಸು ಗುಡುಗುಟ್ಟಿಕೊಂಡು ಹೋಗುತ್ತಿದೆ. ಉಣ್ಣೂಲಿ ಅಪ್ಪನ ಕೈಯಿಂದ ಕೊಡೆ ತೆಗೆದುಕೊಂಡಳು. ಈ ರೋಗವನ್ನು ಅವಳು ನೂರಾರು ಮನೆಗಳಲ್ಲಿ ನೋಡಿದ್ದಳು. ಹೀಗೆಯೇ, ಒಂದು ಸಣ್ಣ ತಮಾಷೆಯಾಗಿ ಅದು ಒಳಗೆ ಬರುತ್ತದೆ.

ಪೇಟೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮೊಣಕಾಲು ತಟ್ಟಿ, "ವಯಸ್ಸಮ್ಮ, ಇದಕ್ಕೆ ಔಷಧಿ ಇಲ್ಲ" ಎಂದರು. ಅವಳು ಮನಸ್ಸಿನಲ್ಲೇ, ನಿಮ್ಮಲ್ಲಿಲ್ಲ ಅನ್ನಿ, ನಮ್ಮಲ್ಲಿದೆ ಎಂದುಕೊಂಡು ಬಂದಳು. ಹಿಂದಿನ ವರ್ಷದ ಭರಣಿಯಲ್ಲಿ ತುಪ್ಪ ಉಳಿದಿತ್ತು. ಬೆಳಗಾದರೆ ಒಂದು ಚಮಚ ಅಪ್ಪನ ನಾಲಿಗೆಗೆ. ಅವರು ಚಪ್ಪರಿಸಿ, "ಪಾಕ ಚೆನ್ನಾಗಿ ಬಂದಿದೆ. ಯಾರು ಮಾಡಿದ್ದು?" ಎಂದು ಕೇಳುವರು. "ನೀವೇ ಅಚ್ಚಾ." "ಹೌದಾ? ಭಲೇ!" ಎಂದು ತಮ್ಮನ್ನೇ ಹೊಗಳಿಕೊಳ್ಳುವರು. ಕಣಾರನ್ ನಗುತ್ತಿದ್ದ. ಉಣ್ಣೂಲಿಗೂ ಮೊದಮೊದಲು ನಗು ಬರುತ್ತಿತ್ತು.

ಭರಣಿಯ ತಳ ಕಾಣಿಸಿದ ದಿನ ನಗು ನಿಂತಿತು. ಹೊಸ ತುಪ್ಪ ಆಗಬೇಕು. ಅದಕ್ಕೆ ಕಡೆಯ ಸೊಪ್ಪು ಬೇಕು. ಆ ಸೊಪ್ಪು ಇರುವುದು, ತುಪ್ಪ ಸಿಗದಿದ್ದರೆ ಬರಿದಾಗುವ ಆ ತಲೆಯೊಳಗೆ ಮಾತ್ರ. ಅವಳು ಮೊಟ್ಟಮೊದಲ ಬಾರಿಗೆ ಬಾಯಿ ಬಿಟ್ಟು ಕೇಳಿದಳು.

"ಅಚ್ಚಾ, ಹೇಳೋ ಹೊತ್ತು ಬಂತು. ಆ ಸೊಪ್ಪು ಯಾವ್ದು?"

"ತುಂಬೆ" ಎಂದರು ಥಟ್ಟನೆ.

ಅಬ್ಬಾ ಎಂದು ಅವಳ ಕಣ್ಣಲ್ಲಿ ನೀರೇ ಬಂತು. ಇಷ್ಟು ಸುಲಭವೇ! ಮರುದಿನ ಖಾತ್ರಿಗೆಂದು ಕೇಳಿದರೆ, "ಗರಿಕೆ" ಎಂದರು, ಅಷ್ಟೇ ಧೈರ್ಯವಾಗಿ. ಆಮೇಲೆ ನೆಲನೆಲ್ಲಿ. ಆಮೇಲೆ ದಾಸವಾಳ. ಒಂದು ದಿನವಂತೂ "ಬಾಳೆಕಾಯಿ" ಎಂದುಬಿಟ್ಟರು. ಗೋಡೆಗೊರಗಿ ಬೀಡಿ ಹಚ್ಚುತ್ತಿದ್ದ ಕಣಾರನ್, "ಹಾಗಾದ್ರೆ ನಾವು ದಿನಾ ಉಪ್ಪೇರಿ ಪಲ್ಯದಲ್ಲಿ ನೆನಪಿನ ಔಷಧೀನೇ ತಿಂತಿದೀವಿ ಬಿಡು" ಎಂದ. ಅವಳು ಕೈಯಲ್ಲಿದ್ದ ಸೌಟನ್ನು ಅವನ ಕಡೆಗೆ ಎಸೆದಳು. ಎಸೆದು, ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಕಣಾರನ್ ಬೀಡಿ ಆರಿಸಿ, ಸೌಟು ತೊಳೆದು ತಂದು ಅವಳ ಪಕ್ಕ ಇಟ್ಟು, ಮಗ್ಗಕ್ಕೆ ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ವೈದ್ಯರು ಮಗಳನ್ನೂ ಮರೆತರು. ಮೊದಲು ಸಂಜೆ ಹೊತ್ತು ಮಾತ್ರ, ಆಮೇಲೆ ದಿನವಿಡೀ. ಅನ್ನ ಕಲಸಿ ತುತ್ತು ಕೊಡುತ್ತಿದ್ದವಳನ್ನು ನೋಡಿ, "ಯಾವ ಮನೆಯವಳಮ್ಮಾ ನೀನು? ಪಾಪ, ನಿಂಗ್ಯಾಕೆ ಈ ತೊಂದ್ರೆ?" ಎಂದು ಕೇಳಿದರು. ಮರ್ಯಾದೆಯಾಗಿ, ಬಂದ ರೋಗಿಗಳ ಹತ್ತಿರ ಮಾತಾಡುವಂತೆಯೇ.

"ನಾನು ಉಣ್ಣೂಲಿ ಅಚ್ಚಾ. ನಿಮ್ಮ ಮಗಳು."

ವೈದ್ಯರು ಬಾಯಿ ತುಂಬ ನಕ್ಕರು. "ನನ್ನ ಮಗಳು ಹುಡುಗಿ ಕಣಮ್ಮಾ. ನೀನೋ, ನಮ್ಮಕ್ಕ ಬದುಕಿದ್ದಿದ್ರೆ ನಿನ್ನಷ್ಟಾಗ್ತಿದ್ಲು."

"ಆ ಸೊಪ್ಪು..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರ ನಗು ಹೋಯಿತು. ಕಣ್ಣು ಚುರುಕಾಯಿತು. ಎಷ್ಟೋ ತಿಂಗಳಿಂದ ಕಾಣದಿದ್ದ ಹಳೆಯ ಚೋಯಿ ವೈದ್ಯರು ಅಲ್ಲಿ ಕುಳಿತಿದ್ದರು.

"ಅದನ್ನ ಕೇಳ್ಬೇಡ. ಅದು ನನ್ನ ಮಗಳಿಗೆ ಮಾತ್ರ. ಅವಳು ಬರ್ತಾಳೆ, ಅವಳಿಗೆ ಹೇಳ್ತೀನಿ."

ಅವಳು ತಟ್ಟೆ ಕೆಳಗಿಟ್ಟಳು. ಅಂದರೆ ಅದು ಒಳಗಿದೆ! ಮಗಳ ಮುಖ ಹೋಗಿದೆ, ಹೆಂಡತಿಯ ಹೆಸರು ಹೋಗಿದೆ, ಸೇತುವೆ ಹೋಗಿದೆ, ಆ ಸೊಪ್ಪು ಮಾತ್ರ ಒಳಗೆ ಎಲ್ಲೋ ಭದ್ರವಾಗಿದೆ. ಅವಳಿಗೋಸ್ಕರವೇ ಬಚ್ಚಿಟ್ಟಿದ್ದಾರೆ, ಅವಳಿಂದಲೇ ಬಚ್ಚಿಟ್ಟಿದ್ದಾರೆ. ಸಂತೋಷಪಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ತುಲಾ ತಿಂಗಳು ಬಂತು. ಪತ್ತಾಮುದಯಕ್ಕಾದರೂ ಅಪ್ಪನಿಗೆ ನೆನಪಾದೀತೆಂದು ಉಣ್ಣೂಲಿ ಉರುಳಿ ಏರಿಸಿದಳು. ಏರಿಸಿದ ಸುದ್ದಿ ಕೇಳಿ ಬೀಯಾತ್ತು ಬಂದಳು. ಮೀನುಪೇಟೆಯ ಹಿಂದಿನ ಓಣಿಯವಳು. ಅವಳ ತಾಯಿ, ಆ ಮುದಿ ಉಮ್ಮ, ಸೆರಗಿಗೆ ಬೆಂಕಿ ಹತ್ತುವುದೂ ತಿಳಿಯದಷ್ಟು ಮರೆವಿಗೆ ಸಿಕ್ಕಿದ್ದಳು.

"ಉಣ್ಣೂಲ್ಯೇ, ಈ ಸಲ ತುಪ್ಪ ಆಗುತ್ತಾ? ಊರೋರು ಏನೇನೋ ಅಂತಾರೆ."

"ಅನ್ನೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಭರಣಿ ಇಟ್ಟು ಹೋಗು."

"ವೈದ್ಯರು..."

"ಇಟ್ಟು ಹೋಗು ಅಂದ್ನಲ್ಲ."

ಬೀಯಾತ್ತು ಭರಣಿ ಇಟ್ಟು, ಜಗಲಿಯಲ್ಲಿ ಕುಳಿತಿದ್ದ ವೈದ್ಯರಿಗೆ ಸಲಾಂ ಹೇಳಿ ಹೋದಳು. ವೈದ್ಯರು ಅವಳನ್ನು ಆಶೀರ್ವದಿಸಿದರು, ಯಾರೆಂದು ಕೇಳಲೇ ಇಲ್ಲ. ಈಗೀಗ ಎಲ್ಲರೂ ಅವರಿಗೆ ಒಂದೇ ಆಗಿದ್ದರು.

ಪತ್ತಾಮುದಯದ ಬೆಳಿಗ್ಗೆ ಒಂದು ಸಂಗತಿ ನಡೆಯಿತು. ಯಾರೂ ಎಬ್ಬಿಸದೆ ವೈದ್ಯರು ಎದ್ದಿದ್ದರು. ತಾವಾಗಿಯೇ ಕೆರೆಗೆ ಇಳಿದು ಮುಳುಗು ಹಾಕಿ, ಒದ್ದೆ ಮುಂಡಿನಲ್ಲಿ ಗದ್ದೆಯ ಅಂಚು ಹಿಡಿದು ಹೊರಟೇಬಿಟ್ಟರು. ಎಷ್ಟೋ ದಿನಗಳಿಂದ ಅಂಗಳ ದಾಟಲು ಕೈ ಹಿಡಿಯಬೇಕಾಗಿದ್ದ ಮನುಷ್ಯ!

"ನಾನು ಹಿಂದೇನೇ ಹೋಗ್ತೀನಿ" ಎಂದ ಕಣಾರನ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ದೂರದಿಂದ ನೋಡ್ತೀನಿ. ಎಲ್ಲಿ ಬಗ್ತಾರೆ, ಏನು ಕೀಳ್ತಾರೆ ನೋಡ್ಕೊಂಡು ಬಂದ್ಬಿಡ್ತೀನಿ. ನೀನು ನೋಡೋದು ಬೇಡ, ನಾನು ನೋಡ್ತೀನಿ, ಆ ಪಾಪ ನಂಗೇ ಇರ್ಲಿ."

"ಬೇಡ."

"ಉಣ್ಣೂಲೀ, ಬುದ್ಧಿ ಇದೆಯಾ ನಿಂಗೆ? ಇನ್ನೊಂದು ಪತ್ತಾಮುದಯಕ್ಕೆ ಅವ್ರು ನಡೀತಾರೆ ಅಂತ ಏನು ನಂಬಿಕೆ?"

"ಯಾರ ಕಣ್ಣೂ ಬೀಳಬಾರ್ದು. ಇದು ಅವ್ರು ತಿನ್ನೋ ತುಪ್ಪ. ಬೇಡ ಅಂದ್ರೆ ಬೇಡ."

ಗಂಡನನ್ನು ಮೆಟ್ಟಿಲಲ್ಲೇ ಕೂರಿಸಿ ಕೊಟ್ಟಿಗೆಗೆ ಬಂದಳು. ಚರಟ ಹೊಸೆದು ಬತ್ತಿ ಮಾಡಿ ಹಿಡಿದಳು, ಸದ್ದಿಲ್ಲದೆ ಉರಿಯಿತು. ಪಾಕ ಬಂದಿತ್ತು. ಇನ್ನು ತಡಮಾಡಿದರೆ ತಳ ಹಿಡಿಯುತ್ತದೆ ಎಂದು ಉರಿ ಹಿಂದಕ್ಕೆಳೆಯುವಾಗ ಬಾಗಿಲಲ್ಲಿ ನೆರಳಾಯಿತು. ವೈದ್ಯರು ಬಂದಿದ್ದರು. ಮುಂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಪಾದದಲ್ಲಿ ಗದ್ದೆಯ ಕೆಸರು. ಬಲಗೈ ಸೊಂಟದ ಮಡಿಕೆಯ ಮೇಲೆ.

"ಆ ಕಡೆ ತಿರುಗಮ್ಮಾ" ಎಂದರು.

ಮಗಳನ್ನು ಕರೆಯುವ ಮೋಳೇ ಅನ್ನಲಿಲ್ಲ. ತಿರುಗಮ್ಮಾ ಎಂದರು, ಹೊರಗಿನವಳಿಗೆ ಹೇಳುವಂತೆ.

ಅವಳು ತಿರುಗಿದಳು. ಎದುರಿಗೆ ಗೋಡೆ, ಗೋಡೆಯಲ್ಲಿ ಅದೇ ಬಿರುಕು. ಹಿಂದೆ ಮಡಿಕೆ ಬಿಚ್ಚುವ ಸಪ್ಪಳ. ಮುಂದಿನ ವರ್ಷ ಈ ಸಪ್ಪಳ ಇರುವುದಿಲ್ಲ. ಈ ಒಂದು ಭರಣಿ ತೀರಿದ ಮೇಲೆ ಅಪ್ಪ ಏನು ತಿನ್ನಬೇಕು? ಬೀಯಾತ್ತುವಿನ ಉಮ್ಮ ಏನು ತಿನ್ನಬೇಕು? ಹೇಳುತ್ತೇನೆ ಹೇಳುತ್ತೇನೆ ಎಂದು ಜೀವಮಾನವೆಲ್ಲ ಗೋಡೆ ತೋರಿಸಿದವರ ಮೇಲೆ ಅವಳಿಗೆ ಒಮ್ಮೆಗೇ ಎಲ್ಲಿಲ್ಲದ ಸಿಟ್ಟು ಬಂತು. ಸಾಯಲಿ ಔಷಧಿ, ಹೆಸರಾದರೂ ಉಳಿಯಲಿ ಅನ್ನಿಸಿತು. ಕತ್ತು ತಾನಾಗಿಯೇ ಹೊರಳಿತು.

ಅಪ್ಪನ ಬೆರಳ ಸಂದಿಯಲ್ಲಿ ಹಸಿರು ತುದಿಯೊಂದು ಕಂಡಿತು. ಎಲೆಯೋ, ಚಿಗುರೋ, ಬರೀ ಒಂದು ಚೂರು. ಅಷ್ಟರಲ್ಲಿ ವೈದ್ಯರು ತಲೆ ಎತ್ತಿದರು.

ಮುಷ್ಟಿ ಮುಚ್ಚಿತು.

"ನೋಡ್ಬಿಟ್ಯಾ?" ಅವರು ಮುಷ್ಟಿಯನ್ನು ಎದೆಗೊತ್ತಿಕೊಂಡರು. "ಎಂಥ ಹೆಂಗ್ಸಮ್ಮಾ ನೀನು! ನನ್ನ ಮಗಳು ಈ ಜಾಗದಲ್ಲೇ ನಿಂತ್ಕೋತಾಳೆ. ಚಿಕ್ಕ ಹುಡುಗಿಯಾಗಿದ್ದಾಗಿಂದ ನಿಂತ್ಕೋತಾಳೆ. ಒಂದ್ ಸಲ, ಒಂದೇ ಒಂದ್ ಸಲ ತಿರುಗಿ ನೋಡಿಲ್ಲ. ನಂಗೊತ್ತು, ನಾನು ಅವಳ ಬೆನ್ನು ನೋಡ್ತಾನೇ ಇರ್ತೀನಿ. ಅಂಥ ಮಗಳು ನಂದು. ನೀನು ಬಂದ ದಿನಾನೇ ಕಳ್ಳತನಕ್ಕೆ ನಿಂತ್ಯಲ್ಲ!"

ಅಂದವರೇ ಮುಷ್ಟಿಯಲ್ಲಿದ್ದುದನ್ನು ಉರುಳಿಗಲ್ಲ, ಕೆಳಗಿನ ಬೆಂಕಿಗೆ ಎಸೆದರು.

ಅಯ್ಯೋ ಎಂದು ಅವಳು ಒಲೆಯತ್ತ ನುಗ್ಗಿದಳು. ಏನಿತ್ತು ಅಲ್ಲಿ? ಹಸಿ ಎಲೆ ಒಮ್ಮೆ ಸುಂಯ್ ಎಂದು ಮುದುಡಿ ಕಪ್ಪಾಯಿತು. ಸಣ್ಣದಾಗಿ ಹೊಗೆ ಎದ್ದಿತು. ಆ ವಾಸನೆ ಅವಳಿಗೆ ಗೊತ್ತು, ಪ್ರತಿ ಪತ್ತಾಮುದಯಕ್ಕೆ ಗೋಡೆಯ ಮುಂದೆ ನಿಂತಾಗ ಬೆನ್ನ ಹಿಂದಿನಿಂದ ಬಂದು ಮೂಗಿಗೆ ತಾಗುತ್ತಿದ್ದ ಅದೇ ವಾಸನೆ. ಅಂದರೆ ಅಪ್ಪ ಮರೆತಿರಲಿಲ್ಲ. ಸರಿಯಾದದ್ದನ್ನೇ ತಂದಿದ್ದರು. ಯಾವ ಗಿಡದ ವಾಸನೆಯೆಂದು ಎಷ್ಟು ತಡಕಿದರೂ ಅವಳಿಗೆ ಸಿಗಲಿಲ್ಲ, ಹೊಗೆ ಸೂರಿಗೆ ಏರಿ ಹೋಯಿತು.

ಅಪ್ಪನ ಕಣ್ಣಿಗೆ ಮುಖ ತೋರಿಸಲಾರದೆ ಅವಳು ಮತ್ತೆ ಗೋಡೆಗೆ ತಿರುಗಿ, ಬಿರುಕಿನ ಮೇಲೆ ಹಣೆ ಇಟ್ಟು ನಿಂತಳು. ಕೊಟ್ಟಿಗೆಯಲ್ಲಿ ತುಪ್ಪ ಕುದಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಪ್ಪ ಹೊರಟುಹೋದರೇನೋ ಎಂದುಕೊಂಡಳು.

"ಮೋಳೇ" ಎಂದಿತು ಹಿಂದಿನಿಂದ ಒಂದು ಮೆತ್ತನೆಯ ದನಿ. "ಉಣ್ಣೂಲೀ, ಯಾವಾಗ ಬಂದೆ?"

ಅವಳು ಎರಡೂ ಅಂಗೈಗಳನ್ನು ಗೋಡೆಗೆ ಊರಿದಳು.

"ಈಗ ಯಾರೋ ಹೆಂಗ್ಸೊಬ್ಳು ಬಂದಿದ್ಲು ಕಣೇ. ನಮ್ಮ ಸೊಪ್ಪಿನ ಮೇಲೆ ಕಣ್ಣು ಅವಳಿಗೆ. ಬೈದು ಓಡಿಸ್ಬಿಟ್ಟೆ."

"ಹೌದಾ ಅಚ್ಚಾ" ಎಂದಳು ಗೋಡೆಗೆ.

"ನೀನಿದ್ದಿದ್ರೆ ಹಾಗಾಗ್ತಿರ್ಲಿಲ್ಲ. ನೀನು ಚಿನ್ನದಂಥ ಹುಡುಗಿ."

ತಿರುಗಬೇಕು. ತನ್ನ ಹೆಸರು ಹಿಡಿದು ಕರೆಯುತ್ತಿರುವ ಅಪ್ಪನ ಮುಖವನ್ನು ಒಂದು ಸಲ ನೋಡಬೇಕು ಎಂದು ಅವಳ ಜೀವ ಹಂಬಲಿಸಿತು. ತಿರುಗಿದರೆ ಮುಗಿಯಿತು. ಮುಖ ಕಂಡರೆ ಅವಳು ಯಾವಳೋ ಕಳ್ಳಿ. ಬೆನ್ನು ಇದ್ದರೆ ಮಾತ್ರ ಉಣ್ಣೂಲಿ.

"ಅಚ್ಚಾ" ಎಂದಳು, ಬಿರುಕಿಗೆ ಕೆನ್ನೆ ಒತ್ತಿ. "ಈಗ ಹೇಳ್ತೀರಾ? ನಾನೇ ಇದೀನಿ. ಬೇರೆ ಯಾರೂ ಇಲ್ಲ. ಆ ಸೊಪ್ಪು..."

ಅವರು ಗಡ್ಡ ಸವರಿಕೊಳ್ಳುವುದು ಅವಳಿಗೆ ನೋಡದೆಯೇ ತಿಳಿಯಿತು.

"ಮುಂದಿನ ಪತ್ತಾಮುದಯಕ್ಕೆ ಹೇಳ್ತೀನಿ. ಅವಸರ ಏನು ನಿಂಗೆ?"

ಅವಳ ಕಣ್ಣೀರು ಗೋಡೆಯ ಸುಣ್ಣಕ್ಕೆ ಇಳಿಯುತ್ತಿತ್ತು.

"ಅವಸರ ಇಲ್ಲ ಅಚ್ಚಾ."

"ಹಾಂ. ಉರುಳಿ ಇಳ್ಸು ಮೋಳೇ, ತಳ ಹಿಡಿಯುತ್ತೆ."

ಉರುಳಿ ಇಳಿಸಬೇಕಾದರೆ ತಿರುಗಬೇಕಿತ್ತು. ಹೊರಗೆ ಮೆಟ್ಟಿಲಿನಿಂದ ಕಣಾರನ್, "ಏನೇ ಅದು, ಸೀದ ವಾಸನೆ?" ಎಂದು ಕೂಗುತ್ತಿದ್ದ. ತುಪ್ಪ ಕಪ್ಪಾಗುವವರೆಗೂ ಉಣ್ಣೂಲಿ ತಿರುಗಲಿಲ್ಲ.